ಸಿಟ್ಟು ಬರುವ ಮೊದಲೇ ಕೃಪೆ ಕೇಳುವುದು ಹೇಗೆ

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಮದುವೆ ಸೀಸನ್ ಬಂದರೆ ಬ್ಲೌಸ್‌ಗಳ ರಾಶಿ, ಫೋನ್ ಮೇಲೆ ಫೋನ್. ಆಗ ನನ್ನ ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. ಪ್ರತಿ ವರ್ಷ ಡಿಸೆಂಬರ್ 31ರ ರಾತ್ರಿ ಚರ್ಚಿನ ಆರಾಧನೆಯಲ್ಲಿ, ಇನ್ನು ಯಾರ ಮೇಲೂ ಕೂಗಾಡುವುದಿಲ್ಲ ಎಂದು ದೇವರಿಗೆ ಮಾತು ಕೊಡುತ್ತಿದ್ದೆ. ಒಂದು ವರ್ಷ ಸಂಕ್ರಮಣದ ದಿನ ಪಕ್ಕದ ಮನೆಯವರು ಕುಸುರೆಳ್ಳು ಕೊಟ್ಟು, ಒಳ್ಳೊಳ್ಳೆ ಮಾತಾಡೋಣ ಎಂದು ಹೇಳಿ ಹೋದರು. ಅದು ಬಾಯಲ್ಲಿ ಕರಗುವ ಮೊದಲೇ ಕೆಲಸ ಕಲಿಯಲು ಬಂದಿದ್ದ ಹುಡುಗಿಯನ್ನು ಅಳಿಸಿಬಿಟ್ಟೆ. ಅವಳು ತೋಳನ್ನು ಉಲ್ಟಾ ಜೋಡಿಸಿದ್ದಳು, ಅಷ್ಟೇ.

ಕ್ರೈಸ್ತ ಮಿಷನರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ ಬೆಟಗೇರಿಗೆ ಬಂದದ್ದು 1841ರಲ್ಲಿ. ನಮ್ಮ ಮನೆಯಲ್ಲೂ ಅಜ್ಜಿಯ ಕಾಲದಿಂದ ದಿನಾ ಕೃಪೆಯ ಮಾತೇ. ಆದರೂ ಕೃಪೆ ಅಂದರೆ ಬಿದ್ದ ಮೇಲೆ ಸಿಗುವ ಕ್ಷಮೆ ಎಂದಷ್ಟೇ ತಿಳಿದಿದ್ದೆ. ಬೈಬಲಿನಲ್ಲಿ ತೀತನಿಗೆ ಬರೆದ ಪತ್ರದ 2ನೇ ಅಧ್ಯಾಯ, 11 ಮತ್ತು 12ನೇ ವಚನ ನಿಧಾನವಾಗಿ ಓದಿ. ರಕ್ಷಣೆ ತರುವ ಕೃಪೆಯೇ ನಮ್ಮನ್ನು ನಾವು ಹಿಡಿತದಲ್ಲಿಟ್ಟುಕೊಂಡು ಬದುಕುವುದನ್ನೂ ಕಲಿಸುತ್ತದೆ ಎನ್ನುತ್ತಾನೆ ಪೌಲ. ಅಲ್ಲಿರುವ ಗ್ರೀಕ್ ಕ್ರಿಯಾಪದ ಮಕ್ಕಳನ್ನು ತಿದ್ದಿ ಬೆಳೆಸುವುದಕ್ಕೆ ಬಳಸುವಂಥದ್ದು.

ಹೊಸಬರಿಗೆ ನಾನು ಮೊದಲ ದಿನವೇ ಬಟ್ಟೆ ಕೊಡುವುದಿಲ್ಲ. ಪೇಪರ್ ಮೇಲೆ ಗೆರೆ ಎಳೆದು, ದಾರವಿಲ್ಲದ ಸೂಜಿಯನ್ನು ಅದರ ಮೇಲೆ ಓಡಿಸಲು ಹೇಳುತ್ತೇನೆ. ಗೆರೆ ತಪ್ಪಿದರೆ ಇನ್ನೊಂದು ಪೇಪರ್. ತಪ್ಪಿತೆಂದು ಯಾರನ್ನೂ ಮನೆಗೆ ಕಳಿಸುವುದಿಲ್ಲ. ದೇವರು ನನ್ನನ್ನೂ ಹಾಗೇ ಕಲಿಸುತ್ತಿದ್ದಾನೆ ಎಂದು ಹೊಳೆದ ದಿನ ಮಷಿನ್ ಮುಂದೆ ಕೂತು ಅತ್ತಿದ್ದೆ.

ನೀವು ಶುರು ಮಾಡುವುದಾದರೆ ಮೊದಲು ಒಂದು ವಾರ ಬರೆದಿಡಿ. ಅಳತೆ ಪುಸ್ತಕದ ಕೊನೆಯ ಹಾಳೆ ಸಾಕು. ಎಷ್ಟು ಗಂಟೆಗೆ ಸಿಟ್ಟು ಬಂತು, ಯಾರ ಮೇಲೆ, ಅದಕ್ಕೂ ಮೊದಲು ಏನಾಗಿತ್ತು. ನನ್ನದು ಹೆಚ್ಚಾಗಿ ಸಂಜೆ 5ರಿಂದ 7ರೊಳಗೆ ಬರುತ್ತಿತ್ತು. ಮಧ್ಯಾಹ್ನ ಊಟ ಬಿಟ್ಟ ದಿನ ಜಾಸ್ತಿ. ಬೈಬಲಿನ ಪ್ರವಾದಿ ಎಲೀಯನು ಸಾಕಪ್ಪಾ ಈ ಜೀವ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ಎದ್ದು ತಿನ್ನು ಎಂದ. ಅಲ್ಲಿ ರೊಟ್ಟಿಯೂ ನೀರೂ ಇದ್ದವು. ಈಗ 2 ಗಂಟೆಗೆ ಅಂಗಡಿ ಬಾಗಿಲು ಮುಂದೆ ಮಾಡಿ ಜೋಳದ ರೊಟ್ಟಿ ತಿನ್ನುತ್ತೇನೆ. ಮುಗಿಸಲಾಗದ ಆರ್ಡರ್ ಒಪ್ಪಿಕೊಳ್ಳುವುದನ್ನೂ ಬಿಟ್ಟೆ.

ಆಮೇಲೆ, ಆ ಹೊತ್ತಿಗಿಂತ ಮೊದಲೇ ಕೇಳಿ. ಇದೇ ಮುಖ್ಯ. ಇಬ್ರಿಯರ ಪತ್ರದ 4:16ರಲ್ಲಿ ತಕ್ಕ ಸಮಯದ ಸಹಾಯಕ್ಕಾಗಿ ದೇವರ ಕೃಪಾಸನದ ಹತ್ತಿರ ಧೈರ್ಯವಾಗಿ ಬನ್ನಿ ಎಂದಿದೆ. ತಕ್ಕ ಸಮಯ ಅಂದರೆ ಕೂಗಾಡುವುದಕ್ಕಿಂತ ಮುಂಚೆ, ಅಲ್ವಾ? ಸಂಜೆ ಪೌಣೆ ಐದಕ್ಕೆ ಪೆಡಲ್ ಮೇಲಿಂದ ಕಾಲು ತೆಗೆಯುತ್ತೇನೆ. 141ನೇ ಕೀರ್ತನೆಯಲ್ಲಿ ದಾವೀದ ಬೇಡಿದಂತೆ, ನನ್ನ ಬಾಯಿಗೆ ಕಾವಲಿಡು ಸ್ವಾಮಿ ಎಂದು ಬೇಡುತ್ತೇನೆ. ಒಂದೇ ನಿಮಿಷ. ಗಿರಾಕಿ ಎದುರಿಗೆ ನಿಂತಿದ್ದರೂ ಬಿಡುವುದಿಲ್ಲ.

ಕುಡಿತದಂಥ ಚಟವಾಗಿದ್ದರೆ ಪ್ರಾರ್ಥನೆಯ ಜೊತೆ ಡಾಕ್ಟರ ಹತ್ತಿರವೂ ಹೋಗಿ. ಅದೂ ದೇವರ ಸಹಾಯವೇ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ ತಾಳಿಕೋ ಎಂದು ಈ ಮಾತು ಹೇಳಬೇಡಿ.

ಇಷ್ಟಾದರೂ ತಪ್ಪುತ್ತದೆ. ನನಗೆ ಈಗಲೂ ತಪ್ಪುತ್ತದೆ. ಆಗ ಉಪವಾಸ ಮಾಡಿ ನಿಮ್ಮನ್ನು ನೀವೇ ದಂಡಿಸಿಕೊಳ್ಳಬೇಡಿ. ಮೂರು ಸಲ ಯೇಸುವನ್ನು ಅರಿಯೆ ಎಂದ ಶಿಷ್ಯ ಪೇತ್ರನಿಗೆ ಯೇಸು ಕೆರೆಯ ದಡದಲ್ಲಿ ಬೆಳಗಿನ ಊಟ ಕೊಟ್ಟು, ಆಮೇಲೆ ಕೆಲಸ ಒಪ್ಪಿಸಿದ. ಹೊತ್ತು ಮುಳುಗುವ ಮೊದಲು ಹೋಗಿ ಕ್ಷಮೆ ಕೇಳಿ. 'ಆದರೆ ನೀನೂ...' ಎಂದು ಬಾಲ ಹಚ್ಚಬೇಡಿ. ಆ ಸಂಕ್ರಮಣದ ಸಂಜೆ ನಾನು ಹುಡುಗಿಯ ಪಕ್ಕದಲ್ಲಿ ಕೂತು, ತಪ್ಪು ನಂದವ್ವ ಎಂದೆ. ಅವಳು ಒಂದು ತೋಳು ಬಿಚ್ಚಿದಳು, ನಾನು ಇನ್ನೊಂದು.