ಕೆಂಪು ರಕ್ತಕಣದ ಪೊರೆಯಲ್ಲಿ ಕ್ಯಾಲ್ಸಿಯಂನ ಪರಿಣಾಮ ಅಳೆಯುವ ಬಗೆ

ಫಾಸ್ಫಟೈಡಿಲ್‌ಸೆರಿನ್ ಎಂಬ ಲಿಪಿಡ್ ಸಾಮಾನ್ಯವಾಗಿ ಪೊರೆಯ ಒಳಪದರದಲ್ಲಿರುತ್ತದೆ. ಕಣದೊಳಗೆ ಕ್ಯಾಲ್ಸಿಯಂ ಏರಿದರೆ ಈ ಲಿಪಿಡನ್ನು ಒಳಗೆಳೆಯುವ ಪ್ರೋಟೀನ್ ಫ್ಲಿಪ್ಪೇಸ್ ಕುಂದುತ್ತದೆ, ಪದರಗಳನ್ನು ಕಲಸುವ ಸ್ಕ್ರಾಂಬ್ಲೇಸ್ ಚುರುಕಾಗುತ್ತದೆ. ಹಾಗಾಗಿ ಲಿಪಿಡ್ ಹೊರಪದರಕ್ಕೆ ಬರುತ್ತದೆ; ಅಳೆಯುವುದು ಇದನ್ನೇ.

ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ರಕ್ತದ ಕಣಗಳನ್ನು ಹೆಪೆಸ್ ಬಫರ್‌ನಲ್ಲಿ (ಪಿಎಚ್ 7.4) ಮೂರು ಸಲ ತೊಳೆಯಿರಿ. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ಜೊತೆ ಗಸಿ ಕಟ್ಟುತ್ತದೆ. 1% ಕಣಗಳಿರುವ ಬಫರ್‌ಗೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್, 4 ಮೈಕ್ರೋಮೋಲಾರ್ ಎ23187 ಅಯಾನೊಫೋರ್ (ಕ್ಯಾಲ್ಸಿಯಂ ಅನ್ನು ಪೊರೆ ದಾಟಿಸುವ ವಸ್ತು) ಸೇರಿಸಿ 37 ಡಿಗ್ರಿಯಲ್ಲಿ 30 ನಿಮಿಷ ಇಡಿ. ಹೋಲಿಕೆಯ ನಳಿಗೆಗೆ ಕ್ಯಾಲ್ಸಿಯಂ ಬದಲು, ಅದನ್ನು ಹಿಡಿದಿಡುವ ಇಜಿಟಿಎ.

ಎಡವಟ್ಟಾಗುವುದು ಮುಂದೆ. ಹೊರಬಂದ ಫಾಸ್ಫಟೈಡಿಲ್‌ಸೆರಿನ್ ಗುರುತಿಸುವ, ಹೊಳೆಯುವ ಬಣ್ಣ ಹಚ್ಚಿದ ಪ್ರೋಟೀನ್ ಅನೆಕ್ಸಿನ್-5 ಅಂಟಲೂ ಸುಮಾರು 2.5 ಮಿಲಿಮೋಲಾರ್ ಕ್ಯಾಲ್ಸಿಯಂ ಬೇಕು. ಹಾಗಾಗಿ ಮೊದಲು 1% ಅಲ್ಬುಮಿನ್ ಬಫರ್‌ನಲ್ಲಿ ತೊಳೆದು ಅಯಾನೊಫೋರ್ ತೆಗೆಯಿರಿ. ಇಲ್ಲವಾದರೆ ಹೋಲಿಕೆಯ ಕಣಗಳೂ ಅನೆಕ್ಸಿನ್ ಬಫರ್‌ನಲ್ಲೇ ಕ್ಯಾಲ್ಸಿಯಂ ಹೀರಿ ಬೆಳಗುತ್ತವೆ. ಅನೆಕ್ಸಿನ್ ಸೇರಿಸಿ ಕತ್ತಲಲ್ಲಿ 15 ನಿಮಿಷ ಬಿಟ್ಟು, ತಡಮಾಡದೆ ಒಂದೊಂದೇ ಕಣದ ಬೆಳಕನ್ನು ಅಳೆಯುವ ಫ್ಲೋ ಸೈಟೋಮೀಟರ್‌ಗೆ ಹಾಕಿ.