ಹೆಕ್ಸ್‌ಗೆ ಹೋಗಿ ಮರಳಿ ಬರಲು ಕಲಿತದ್ದು

ಫೋರ್ತ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡಿಎಸ್3231 ಗಡಿಯಾರದ ಚಿಪ್ ಓದುತ್ತಿದ್ದೆ. 45ನೇ ನಿಮಿಷದಲ್ಲಿ ಪರದೆ ಮೇಲೆ 69 ಬಂತು. ಗಂಟೆಗೆ 69 ನಿಮಿಷ ಯಾವ ಊರಲ್ಲೂ ಇಲ್ಲ, ಅಲ್ವಾ? ಈ ಚಿಪ್ ಒಂದೊಂದು ಅಂಕಿಗೂ ನಾಲ್ಕು ಬಿಟ್ ಕೊಡುತ್ತದೆ. ಹಾಗಾಗಿ ಅದೇ ಬೈಟನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ತೋರಿಸಿದರೆ ಸುಮ್ನೆ 45 ಅಂತ ಕಾಣುತ್ತದೆ. ಭಾಗಾಕಾರದ ತಾಪತ್ರಯ ಇಲ್ಲ.

ಫೋರ್ತ್‌ನಲ್ಲಿ ಬೇಸ್ ಎಂಬ ವೇರಿಯಬಲ್ ಇದೆ. ಹೆಕ್ಸ್ ಅಂದರೆ ಅದರೊಳಗೆ 16, ಡೆಸಿಮಲ್ ಅಂದರೆ 10. ಸಂಖ್ಯೆ ಓದುವುದಕ್ಕೂ ತೋರಿಸುವುದಕ್ಕೂ ಇದೊಂದೇ. ನಾನು ಎಡವಿದ್ದು ಇಲ್ಲೇ. ಸಮಯ ತೋರಿಸುವ ವರ್ಡ್‌ನಲ್ಲಿ (ಫೋರ್ತ್‌ನಲ್ಲಿ ಫಂಕ್ಷನ್‌ಗೆ ಹೀಗೆನ್ನುತ್ತಾರೆ) ಹೆಕ್ಸ್ ಹಾಕಿದೆ, ಮರಳಿ ಬರುವುದನ್ನು ಮರೆತೆ. ಆಮೇಲೆ ದೀಪ ಮಿನುಗಿಸಲು 500 ಎಂಎಸ್ ಎಂದು ಬರೆದರೆ ಅದು 1280 ಮಿಲಿಸೆಕೆಂಡ್ ಕಾಯುತ್ತಿತ್ತು. ನಾನು ದೀಪದ ವೈರ್ ಬಿಚ್ಚಿ ನೋಡುತ್ತಾ ಕೂತಿದ್ದೆ!

ಕೊನೆಗೆ ಬೇಸ್‌ನ ಬೆಲೆ ನೋಡಿದೆ. 10 ಅಂತ ಬಂತು. ಅದೂ ಮೋಸವೇ. ಯಾವ ಬೇಸ್ ಆದರೂ ತನ್ನ ಲೆಕ್ಕದಲ್ಲಿ ತಾನು 10. ಹೆಕ್ಸ್‌ನಲ್ಲಿ ಕೂತು ಬೇಸ್‌ಗೆ 10 ತುಂಬಿದರೂ ಅಲ್ಲೇ ಇರುತ್ತೀರಿ. ಈಗ ಬೇಸ್‌ನಿಂದ ಒಂದು ಕಳೆದು ನೋಡುತ್ತೇನೆ: 9 ಬಂದರೆ ಡೆಸಿಮಲ್, ಎಫ್ ಬಂದರೆ ಹೆಕ್ಸ್.

ವರ್ಡ್‌ನ ಕೊನೆಗೆ ಡೆಸಿಮಲ್ ಹಾಕಿಬಿಡೋಣ ಅನಿಸುತ್ತದೆ. ಬೇಡ. ಕರೆದವರು ಹೆಕ್ಸ್‌ನಲ್ಲೇ ಕೆಲಸ ಮಾಡುತ್ತಿರಬಹುದು. ನಾನು ಹೀಗೆ ಬರೆಯುತ್ತೇನೆ:

ಬೇಸ್ @ >ಆರ್ ಹೆಕ್ಸ್ 0 <# # # #> ಟೈಪ್ ಆರ್> ಬೇಸ್ !

ಹಳೆಯ ಬೇಸ್ ರಿಟರ್ನ್ ಸ್ಟ್ಯಾಕ್ ಎಂಬ ತಾತ್ಕಾಲಿಕ ಜಾಗದಲ್ಲಿ ಕಾದಿರುತ್ತದೆ, ಕೆಲಸ ಮುಗಿದ ಮೇಲೆ ಮರಳಿ ಬರುತ್ತದೆ. ಒಂದೊಂದು # ಒಂದು ಅಂಕಿ ಬರೆಯುತ್ತದೆ, ಎರಡು ಇರುವುದರಿಂದ 5ನೇ ನಿಮಿಷ 05 ಎಂದೇ ಕಾಣುತ್ತದೆ. ಚಿಪ್ ಓದುವ ಕೆಲಸವನ್ನು ಮಾತ್ರ ಇದರೊಳಗೆ ತರುವುದಿಲ್ಲ. ಓದುವಾಗ ತಪ್ಪಾಗಿ ಪ್ರೋಗ್ರಾಮ್ ಅರ್ಧಕ್ಕೆ ನಿಂತರೆ ಬೇಸ್ ಹೆಕ್ಸ್‌ನಲ್ಲೇ ಉಳಿದುಬಿಡುತ್ತದೆ.

ಇನ್ನೊಂದು ಪೆಟ್ಟು ತಿಂಗಳ ಬೈಟ್‌ನಲ್ಲಿ ಬಿತ್ತು. ಅದರ ಮೇಲಿನ ಬಿಟ್ ಶತಮಾನದ್ದು, ಅದನ್ನು ಅಳಿಸಲು 7ಎಫ್ ಬೇಕು. ವರ್ಡ್‌ನೊಳಗೆ ಹೆಕ್ಸ್ 7ಎಫ್ ಎಂದು ಬರೆದರೆ, 7ಎಫ್ ಗೊತ್ತಿಲ್ಲ ಎಂದಿತು. ಹೆಕ್ಸ್ ಕೆಲಸ ಮಾಡುವುದು ವರ್ಡ್ ಓಡುವಾಗ. ಕಂಪೈಲ್ ಆಗುವಾಗ, ಅಂದರೆ ವರ್ಡ್ ಇನ್ನೂ ಸಿದ್ಧವಾಗುತ್ತಿರುವಾಗ, ಬೇಸ್ ಇನ್ನೂ 10 ಆಗಿಯೇ ಇರುತ್ತದೆ. ಹಿಂದಿನವರು ಚೌಕ ಕಂಸದೊಳಗೆ ಹೆಕ್ಸ್ ಬರೆದು ದಾಟುತ್ತಿದ್ದರು, ಕಂಸದೊಳಗಿನದು ಕಂಪೈಲ್ ಆಗುವಾಗಲೇ ಓಡುತ್ತದೆ. ಫೋರ್ತ್ 2012 ಸ್ಟ್ಯಾಂಡರ್ಡ್ ಪಾಲಿಸುವ ಸಿಸ್ಟಮ್ ಆದರೆ $7ಎಫ್ ಸಾಕು, ಬೇಸ್ ಮುಟ್ಟುವುದೇ ಬೇಡ.