ಹಿಮಕರಡಿ ಆಮೇಲೆ, ಮೊದಲು ಹೊಂಗೆ ಮರ

ಹವಾಮಾನ ಬದಲಾವಣೆಯ ಬಗ್ಗೆ ಇರುವ ಮಕ್ಕಳ ಚಿತ್ರಪುಸ್ತಕ ತೆರೆದರೆ ಎಷ್ಟೋ ಸಲ ಎದುರಾಗುವುದು ಹಿಮಕರಡಿ. ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಒಂಟಿಯಾಗಿ ನಿಂತಿರುತ್ತದೆ. ನನ್ನ ತಂಗಿಯ ಮಗಳಿಗೆ 4 ವರ್ಷವಿದ್ದಾಗ ಅಂಥದ್ದೇ ಒಂದು ಪುಸ್ತಕ ಓದಿ ಹೇಳಿದೆ. "ಅದರ ಅಮ್ಮ ಎಲ್ಲಿ?" ಅಂತ ಅಳಲು ಶುರು ಮಾಡಿದಳು. ಭೂಮಿ ಬಿಸಿಯಾಗುವ ವಿಷಯ ಅವಳನ್ನು ಮುಟ್ಟಲೇ ಇಲ್ಲ. ಆಮೇಲೆ ನಾನು ಬೇರೆ ದಾರಿ ಹಿಡಿದೆ. 3ರಿಂದ 8 ವರ್ಷದ ಮಕ್ಕಳಿರುವ ಮನೆಗೆ, ಅಂಗನವಾಡಿಗೆ, ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳ ನಲಿಕಲಿ ತರಗತಿಗೆ ಅದು ಹೊಂದುತ್ತದೆ.

ಪುಸ್ತಕ ಆರಿಸುವಾಗ

ಮಗು ದಿನಾ ನೋಡುವ ಲೋಕದ ಪುಸ್ತಕ ಹುಡುಕಿ. ಮರ, ಕೆರೆ, ಮಳೆ, ಗುಬ್ಬಿ, ಯಾವುದಾದರೂ ಸರಿ. ಅದರಲ್ಲಿ 'ಹವಾಮಾನ ಬದಲಾವಣೆ' ಅನ್ನುವ ಮಾತು ಇರಲೇಬೇಕು ಅಂತಿಲ್ಲ. ಹೊಂಗೆ ಮರದ ನೆರಳಲ್ಲಿ ಆಡಿದ ಮಗುವೇ ಅಲ್ವಾ, ನೆರಳಿಲ್ಲದ ರಸ್ತೆ ಯಾಕೆ ಸುಡುತ್ತದೆ ಅಂತ ಕೇಳುವುದು?

ದುಡ್ಡು ಖರ್ಚು ಮಾಡಬೇಕಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಅಲ್ಲಿ ಪುಸ್ತಕಗಳನ್ನು ಓದಿನ ಹಂತಗಳಾಗಿ ವಿಂಗಡಿಸಿದ್ದಾರೆ, ಚಿಕ್ಕವರಿಗೆ 1 ಮತ್ತು 2ನೇ ಹಂತದವು ಸಾಕು.

ಮಗುವಿನ ಕೈಗೆ ಕೊಡುವ ಮೊದಲು ನೀವೊಮ್ಮೆ ಪೂರ್ತಿ ಓದಿ. ಸುಟ್ಟು ಕರಕಲಾದ ಭೂಮಿಯ ಚಿತ್ರದಲ್ಲಿ ಮುಗಿಯುವ ಪುಸ್ತಕವನ್ನು ಸದ್ಯಕ್ಕೆ ಎತ್ತಿಡಿ. ಪ್ಲಾಸ್ಟಿಕ್ ಕಸದಿಂದಲೋ ಓಝೋನ್ ಪದರದ ತೂತಿನಿಂದಲೋ ಭೂಮಿ ಬಿಸಿಯಾಗುತ್ತಿದೆ ಅಂತ ಹೇಳುವ ಪುಸ್ತಕವೂ ಬೇಡ. ಅವೂ ದೊಡ್ಡ ತೊಂದರೆಗಳೇ, ಆದರೆ ಈ ಬಿಸಿಗೆ ಮುಖ್ಯ ಕಾರಣ ಅವಲ್ಲ.

ಮೊದಲ ಓದು ಕಣ್ಣಿನಿಂದ

ಅಕ್ಷರಗಳನ್ನು ಕೈಯಿಂದ ಮುಚ್ಚಿ. "ಇಲ್ಲಿ ಏನೇನಿದೆ?" ಅಂತ ಕೇಳಿ ಸುಮ್ನೆ ಕಾಯಿರಿ. ಈ ಕಾಯುವುದೇ ನಮಗೆ ಕಷ್ಟ, ಉತ್ತರ ನಾವೇ ಹೇಳಿಬಿಡುತ್ತೇವೆ. ಮಗು ಮೂಲೆಯಲ್ಲಿರುವ ಇರುವೆಯನ್ನು ತೋರಿಸಿದರೆ ಇರುವೆಯ ಬಗ್ಗೆಯೇ ಮಾತಾಡಿ. ಅದೇ ಪುಸ್ತಕವನ್ನು ಒಂದು ವಾರ ಓದಿ. ಮೂರನೇ ದಿನವೋ ನಾಲ್ಕನೇ ದಿನವೋ ಮೊದಲ ಪುಟ, ಕೊನೆಯ ಪುಟ ಎರಡನ್ನೂ ತೋರಿಸಿ ಏನು ಬದಲಾಗಿದೆ ಅಂತ ಕೇಳಿ.

ಕಾರಣಕ್ಕೆ ಒಂದು ಕಂಬಳಿ

5–6 ವರ್ಷಕ್ಕೆ ಮಕ್ಕಳು "ಯಾಕೆ?" ಅಂತ ಬೆನ್ನು ಹತ್ತುತ್ತಾರೆ. ಆಗ ನಿಜವಾದ ಕಂಬಳಿಯನ್ನೇ ತನ್ನಿ. ಒಂದು ಹೊದಿಸಿ, ಬೆಚ್ಚಗಿದೆಯಾ ಅಂತ ಕೇಳಿ. ಭೂಮಿಗೂ ಹೀಗೆ ಗಾಳಿಯ ಕಂಬಳಿ ಇದೆ, ಅದು ಒಳ್ಳೆಯದೇ ಅಂತ ಹೇಳಿ. ಅದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರುತ್ತಿತ್ತು. ಈಗ ಇನ್ನೊಂದು ಕಂಬಳಿ ಹೊದಿಸಿ. ಸೆಕೆ ಅಂತ ಮಗು ಕಿತ್ತೆಸೆಯುತ್ತದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟಾಗ ಬರುವ ಅನಿಲ ಭೂಮಿಯ ಕಂಬಳಿಯನ್ನು ದಪ್ಪ ಮಾಡುತ್ತಿದೆ, ಭೂಮಿಗೆ ಅದನ್ನು ಕಿತ್ತೆಸೆಯಲು ಬರುವುದಿಲ್ಲ ಅಂದರೆ ಸಾಕು.

ಒಂದು ಎಚ್ಚರ. ಪುಸ್ತಕಗಳಲ್ಲಿ ಕಪ್ಪು ಹೊಗೆ ಬರೆದಿರುತ್ತಾರೆ. ಕಂಬಳಿಯನ್ನು ದಪ್ಪ ಮಾಡುವ ಮುಖ್ಯ ಅನಿಲವಾದ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದು, ಅದನ್ನೂ ಹೇಳಿ. ದೊಡ್ಡವರಿಗೆ ಒಂದು ಲೆಕ್ಕ: ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ 10 ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. ಈಗ 420ಕ್ಕಿಂತ ಜಾಸ್ತಿ.

ಮಗು ಹೆದರಿದರೆ

"ನಾವೂ ಸತ್ತು ಹೋಗ್ತೀವಾ?" ಅಂತ ಕೇಳುವ ಮಕ್ಕಳಿದ್ದಾರೆ. "ಏನೂ ಆಗಲ್ಲ, ಮಲಗು" ಅನ್ನಬೇಡಿ. "ಭೂಮಿ ಬಿಸಿ ಆಗ್ತಿರೋದು ನಿಜ ಕಂದಾ. ಅದನ್ನ ಕಮ್ಮಿ ಮಾಡೋಕೆ ತುಂಬಾ ಜನ ಕೆಲಸ ಮಾಡ್ತಿದ್ದಾರೆ. ನಿನ್ನ ನೋಡ್ಕೊಳ್ಳೋಕೆ ನಾವಿದ್ದೀವಿ" ಅನ್ನಿ. ಆ ಕೆಲಸವನ್ನು ತೋರಿಸಿ ಕೂಡ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕಗಳಿವೆ, 2,050 ಮೆಗಾವಾಟ್ ಸಾಮರ್ಥ್ಯದ್ದು. ಬಿಸಿಲನ್ನೇ ಕರೆಂಟ್ ಮಾಡುತ್ತಾರೆ ಅಂದರೆ ಮಕ್ಕಳ ಕಣ್ಣು ಅರಳುತ್ತದೆ. ಆದರೆ "ನೀನು ಫ್ಯಾನ್ ಆರಿಸಿದರೆ ಭೂಮಿ ಉಳಿಯುತ್ತೆ" ಅನ್ನುವ ಭಾರವನ್ನು 5 ವರ್ಷದ ಹೆಗಲಿಗೆ ಹಾಕಬೇಡಿ. ಇದು ದೊಡ್ಡವರು ಮಾಡಿಕೊಂಡ ತೊಂದರೆ. ಇಂಥ ಪುಸ್ತಕಗಳನ್ನು ಹಗಲು ಹೊತ್ತು ಓದುವುದೇ ವಾಸಿ.

ಅಜ್ಜಿಯ ಜೊತೆ ಒಂದು ಪುಸ್ತಕ

ನನಗೆ ತುಂಬಾ ಇಷ್ಟವಾದ ಕೆಲಸ ಇದು. 4 ಎ4 ಹಾಳೆಗಳನ್ನು ಒಟ್ಟಿಗೆ ಮಡಚಿ ನಡುವೆ ದಾರ ಹಾಕಿ ಹೊಲಿದರೆ 16 ಪುಟದ ಪುಸ್ತಕ. ಎಡಕ್ಕೆ 'ಅಜ್ಜಿಯ ಕಾಲ', ಬಲಕ್ಕೆ 'ಈಗ'. ಅಜ್ಜಿ ಹೇಳಲಿ, ಮಗು ಚಿತ್ರ ಬರೆಯಲಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ಮಳೆಗಳ ಹೆಸರು ಬಂದೇ ಬರುತ್ತವೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುವ ಗಾದೆಯೂ ಬರಬಹುದು. ಕಾಫಿ ಸೀಮೆಯವರಾದರೆ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಯ ಮಾತು ತೆಗೆಯುತ್ತಾರೆ.

ಅಜ್ಜಿ ನೆನೆಯುವ ಎಲ್ಲ ಬದಲಾವಣೆಯೂ ಹವಾಮಾನದ್ದಲ್ಲ. ಲೇಔಟ್ ಮಾಡಲು ಮುಚ್ಚಿದ ಕೆರೆಯ ಕಥೆ ಬೇರೆ, ಅದನ್ನು ಹಾಗೇ ಹೇಳಿ. ಒಂದು ವರ್ಷದ ಸೆಕೆಯನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹವಾಮಾನ ಅಂದರೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ.

ಕೊನೆಯ ಎರಡು ಪುಟ ಖಾಲಿ ಬಿಡಿ. ಪ್ರತಿ ವರ್ಷ ನಿಮ್ಮೂರಿಗೆ ಮುಂಗಾರಿನ ಮೊದಲ ಮಳೆ ಬಿದ್ದ ದಿನ ಮಗುವೇ ಅಲ್ಲಿ ತಾರೀಕು ಬರೆಯಲಿ.